ಪತ್ತೇದಾರಿ ಕಾದಂಬರಿಗಳ ಕೈಪಿಡಿ ಕೊಳ್ಳುವ ಮುಂಚೆ ಏನು ನೋಡಬೇಕು?

ಜಯನಗರದ ಓದುಗ:

ಕ್ರೈಂ ಕಾದಂಬರಿ ಓದುವವರಿಗೆ ಒಂದು ಪ್ರಶ್ನೆ. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯೊಂದರಲ್ಲಿ ಎರಡು ಇಂಗ್ಲಿಷ್ ಕೈಪಿಡಿಗಳನ್ನು ನೋಡಿ ಬಂದಿದ್ದೇನೆ. ಒಂದು ಬಾರ್ಜನ್ ಮತ್ತು ಟೇಲರ್ ಬರೆದ ‘ಎ ಕ್ಯಾಟಲಾಗ್ ಆಫ್ ಕ್ರೈಂ’, 1989ರ ಪರಿಷ್ಕೃತ ಆವೃತ್ತಿ. ಇನ್ನೊಂದು ಜೂಲಿಯನ್ ಸಿಮನ್ಸ್ ಅವರ ‘ಬ್ಲಡಿ ಮರ್ಡರ್’. ಎರಡನ್ನೂ ಕೊಳ್ಳುವಷ್ಟು ದುಡ್ಡು ಈ ತಿಂಗಳು ಇಲ್ಲ. ಕ್ರಿಸ್ಟಿ, ಡಾಯ್ಲ್ ಓದಿ ಮುಗಿಸಿದ್ದೇನೆ. ಮುಂದೆ ಯಾರನ್ನು ಓದಬೇಕು ಅಂತ ಗೊತ್ತಾಗಬೇಕು, ಆದರೆ ಕೊಲೆಗಾರ ಯಾರು ಅಂತ ಮೊದಲೇ ಗೊತ್ತಾಗಬಾರದು. ಇಂಥ ಪುಸ್ತಕ ಚೆನ್ನಾಗಿದೆಯೋ ಇಲ್ಲವೋ ಅಂತ ಅಂಗಡಿಯಲ್ಲಿ ನಿಂತುಕೊಂಡೇ ತಿಳಿಯೋದು ಹೇಗೆ? ಕನ್ನಡದಲ್ಲಿ ಇಂಥದ್ದೇನಾದರೂ ಇದೆಯಾ?

ಬೀಗ ಹಾಕಿದ ಕೋಣೆ:

ಮುನ್ನುಡಿ ಓದಬೇಡಿ. ನಿಮಗೆ ಚೆನ್ನಾಗಿ ಗೊತ್ತಿರುವ ಒಬ್ಬ ಲೇಖಕರ ಪುಟ ತೆಗೆಯಿರಿ. ನಾನು ಯಾವಾಗಲೂ ಜಾನ್ ಡಿಕ್ಸನ್ ಕಾರ್ ಅವರನ್ನೇ ಹುಡುಕುತ್ತೇನೆ, ಯಾಕಂದರೆ ಕೈಪಿಡಿ ಮಾಡಿದವರು ಎಡವುವ ಜಾಗಗಳೆಲ್ಲ ಅವರೊಬ್ಬರಲ್ಲೇ ಸಿಗುತ್ತವೆ. ಅವರು ಅಮೆರಿಕದವರು, ಆದರೆ ಅವರ ಎಷ್ಟೋ ಕಥೆಗಳು ನಡೆಯುವುದು ಇಂಗ್ಲೆಂಡಿನಲ್ಲಿ. ಡಾಕ್ಟರ್ ಗಿಡಿಯನ್ ಫೆಲ್ ಅನ್ನುವ ಪತ್ತೇದಾರನ ಸರಣಿ ಸ್ವಂತ ಹೆಸರಿನಲ್ಲಿದೆ, ಇನ್ನೊಬ್ಬ ಪತ್ತೇದಾರ ಸರ್ ಹೆನ್ರಿ ಮೆರಿವೇಲ್ ಸರಣಿ ಕಾರ್ಟರ್ ಡಿಕ್ಸನ್ ಅನ್ನುವ ಹೆಸರಿನಲ್ಲಿದೆ. 1935ರ ‘ದ ಹಾಲೋ ಮ್ಯಾನ್’ ಅಮೆರಿಕದಲ್ಲಿ ‘ದ ತ್ರೀ ಕಾಫಿನ್ಸ್’ ಆಗಿ ಬಂತು. ಒಳ್ಳೇ ಕೈಪಿಡಿಯಲ್ಲಿ ಈ ಎರಡು ಶೀರ್ಷಿಕೆಗಳೂ ಒಂದೇ ಕಡೆ ಇರುತ್ತವೆ, ಕಾರ್ಟರ್ ಡಿಕ್ಸನ್ ಅಂತ ಹುಡುಕಿದರೂ ‘ಕಾರ್ ನೋಡಿ’ ಅಂತ ದಾರಿ ತೋರಿಸಿರುತ್ತದೆ. ಇದು ಸಣ್ಣ ವಿಷಯ ಅಲ್ಲ. ನಮ್ಮೂರಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಲಂಡನ್ ಮುದ್ರಣ, ನ್ಯೂಯಾರ್ಕ್ ಮುದ್ರಣ ಎರಡೂ ಒಂದೇ ಸಾಲಿನಲ್ಲಿ ಕೂತಿರುತ್ತವೆ. ನೋಡಿಕೊಳ್ಳದಿದ್ದರೆ ಒಂದೇ ಕಾದಂಬರಿಗೆ ಎರಡು ಸಲ ದುಡ್ಡು. ಕ್ರಿಸ್ಟಿಯವರ ಓರಿಯಂಟ್ ಎಕ್ಸ್‌ಪ್ರೆಸ್ ಕಾದಂಬರಿಗೂ 1934ರಲ್ಲಿ ಅಮೆರಿಕದಲ್ಲಿ ಬೇರೆ ಹೆಸರು, ‘ಮರ್ಡರ್ ಇನ್ ದ ಕ್ಯಾಲೆ ಕೋಚ್’.

ಇನ್ನು ಗುಟ್ಟು ಬಿಟ್ಟುಕೊಡುವ ವಿಚಾರ. ಇದನ್ನು ರಾಬರ್ಟ್ ಏಡಿ ಅವರ ‘ಲಾಕ್ಡ್ ರೂಮ್ ಮರ್ಡರ್ಸ್’ ನೋಡಿ ಕಲಿಯಬೇಕು, ಒಳಗಿಂದ ಬೀಗ ಹಾಕಿದ ಕೋಣೆಯಲ್ಲಿ ಕೊಲೆ ಆಗುವಂಥ ಕಥೆಗಳ ಪಟ್ಟಿ ಅದು. 1979ರಲ್ಲಿ ಬಂತು, 1991ರಲ್ಲಿ ಇನ್ನೂ ದೊಡ್ಡದಾಯಿತು. ಪುಸ್ತಕದ ಮೊದಲ ಭಾಗದಲ್ಲಿ ಬರೀ ಸಮಸ್ಯೆ ಇದೆ, ಯಾರು ಹೇಗೆ ಸತ್ತರು, ಅದು ಯಾಕೆ ಸಾಧ್ಯವೇ ಇಲ್ಲ ಅನ್ನಿಸುತ್ತದೆ, ಅಷ್ಟೇ. ಉತ್ತರಗಳೆಲ್ಲ ಹಿಂದೆ, ಬೇರೆ ಭಾಗದಲ್ಲಿ, ನಂಬರ್ ಪ್ರಕಾರ ಇವೆ. ಬೇಕಾದವರು ಮಾತ್ರ ತಿರುಗಿಸಿ ನೋಡಬಹುದು. ಓದುಗರ ಬಗ್ಗೆ ಇಷ್ಟು ಕಾಳಜಿ ಇಟ್ಟು ಮಾಡಿದ ಇನ್ನೊಂದು ಕೈಪಿಡಿ ನಾನು ನೋಡಿಲ್ಲ.

ರೈಲ್ವೆ ಟೈಂಟೇಬಲ್:

ನೀವು ಹೇಳಿದ ಎರಡೂ ಓದಿದ್ದೇನೆ. ಎರಡೂ ಅಭಿಪ್ರಾಯದ ಪುಸ್ತಕಗಳೇ, ಅದರಲ್ಲಿ ತಪ್ಪೇನಿಲ್ಲ, ಆದರೆ ಯಾರ ರುಚಿ ಎತ್ತ ಅಂತ ಗೊತ್ತಿರಬೇಕು. ಫ್ರೀಮನ್ ವಿಲ್ಸ್ ಕ್ರಾಫ್ಟ್ಸ್ ಅಂತ ಒಬ್ಬರಿದ್ದಾರೆ. ರೈಲ್ವೆಯಲ್ಲಿ ಎಂಜಿನಿಯರ್ ಆಗಿದ್ದವರು, ಮೊದಲ ಕಾದಂಬರಿ 1920ರಲ್ಲಿ. ಅವರ ಇನ್‌ಸ್ಪೆಕ್ಟರ್ ಫ್ರೆಂಚ್ ಕೊಲೆಗಾರನ ಸುಳ್ಳನ್ನು ಹಿಡಿಯೋದು ರೈಲು ಎಷ್ಟು ಗಂಟೆಗೆ ಬಂತು, ಹಡಗು ಯಾವಾಗ ಹೊರಟಿತು ಅಂತ ತಾಳ್ಮೆಯಿಂದ ಲೆಕ್ಕ ಹಾಕಿ. ಸಿಮನ್ಸ್ ಇವರನ್ನು ‘ಹಮ್‌ಡ್ರಮ್’, ಅಂದರೆ ನೀರಸ ಲೇಖಕರ ಗುಂಪಿಗೆ ಸೇರಿಸಿ ಪಕ್ಕಕ್ಕೆ ಇಟ್ಟುಬಿಡುತ್ತಾರೆ. ಬಾರ್ಜನ್ ಮತ್ತು ಟೇಲರ್ ಅವರಿಗೆ ಇದೇ ಇಷ್ಟ, ಸುಳಿವು, ತರ್ಕ, ಹುಡುಕಾಟ. ಸಿಮನ್ಸ್ ಪ್ರಕಾರ ಪತ್ತೇದಾರಿ ಕಥೆ ಬೆಳೆದು ಕ್ರೈಂ ಕಾದಂಬರಿ ಆಯಿತು, ಒಗಟಿಗಿಂತ ಮನುಷ್ಯರ ಮನಸ್ಸು ಮುಖ್ಯ ಆಯಿತು. ಅವರ ಇಡೀ ಪುಸ್ತಕ ಅದೇ ವಾದ.

ಹಾಗಾಗಿ ನಿಮಗೆ ನನ್ನ ಸಲಹೆ ‘ಕ್ಯಾಟಲಾಗ್’. ಲೇಖಕರ ಹೆಸರಿನ ಅಕ್ಷರ ಕ್ರಮದಲ್ಲಿದೆ, ಸಾವಿರಾರು ಪುಸ್ತಕಗಳ ಮೇಲೆ ಚಿಕ್ಕ ಚಿಕ್ಕ ಟಿಪ್ಪಣಿ, ಇಷ್ಟ ಆಗದಿದ್ದರೆ ನೇರವಾಗಿ ಹೇಳಿಬಿಡುತ್ತಾರೆ. ಸಿಮನ್ಸ್ ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಓದಬೇಕು, ಸುಮ್ನೆ ತೆರೆದು ಹುಡುಕೋಕೆ ಅಲ್ಲ.

ಮಲ್ಲೇಶ್ವರ 8ನೇ ಕ್ರಾಸ್:

ನಾನು ಒಪ್ಪಲ್ಲ. 1989ಕ್ಕೆ ನಿಂತ ಪುಸ್ತಕಕ್ಕೆ ಈಗ ಯಾಕೆ ಅಷ್ಟು ದುಡ್ಡು ಹಾಕಬೇಕು? ಸ್ವೀಡನ್ನಿನ ಸ್ಟೀಗ್ ಲಾರ್ಸನ್ ಅದರಲ್ಲಿ ಇರೋಕೆ ಸಾಧ್ಯವೇ ಇಲ್ಲ, ಅವರ ಮೊದಲ ಕ್ರೈಂ ಕಾದಂಬರಿ ಬಂದಿದ್ದೇ 2005ರಲ್ಲಿ. ಮಾರ್ಟಿನ್ ಎಡ್ವರ್ಡ್ಸ್ ಬರೆದ ಕ್ರೈಂ ಕಥೆಗಳ ಇತಿಹಾಸ ‘ದ ಲೈಫ್ ಆಫ್ ಕ್ರೈಂ’ 2022ರದ್ದು, ಜಪಾನಿನ ಪತ್ತೇದಾರಿ ಲೇಖಕ ಎಡೊಗಾವಾ ರಂಪೋವರೆಗೂ ಹೋಗುತ್ತದೆ. ಕೊಳ್ಳುವ ಮೊದಲು ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಿ, ಬಸವನಗುಡಿಯ ವರ್ಲ್ಡ್ ಕಲ್ಚರ್ ಸಂಸ್ಥೆಯ ಲೈಬ್ರರಿಯಲ್ಲಿ ಒಮ್ಮೆ ವಿಚಾರಿಸಿ.

ಜಯನಗರದ ಓದುಗ:

ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಹೋಗಿ ಕಾರ್ ಪುಟ, ಕ್ರಾಫ್ಟ್ಸ್ ಪುಟ ಎರಡನ್ನೂ ತೆಗೆದು ನೋಡುತ್ತೇನೆ. ಒಗಟೇ ನನಗೂ ಇಷ್ಟ, ಹಾಗಾಗಿ ‘ಕ್ಯಾಟಲಾಗ್’ ಕಡೆಗೇ ಮನಸ್ಸು ಇದೆ. ಕನ್ನಡದ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ?

ಅವೆನ್ಯೂ ರಸ್ತೆ:

ಆ ಮಟ್ಟದ ಕೈಪಿಡಿ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ, ಅದು ನನಗೆ ನಿಜವಾಗಿಯೂ ಬೇಜಾರಿನ ವಿಷಯ. ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಓದೋ ಅಭ್ಯಾಸವೇ ಅವರಿಂದ ಶುರುವಾಯಿತು ಅನ್ನುವ ಹಿರಿಯರು ಈಗಲೂ ಸಿಗುತ್ತಾರೆ. ನಮ್ಮ ಹಳದಿ ಕೆಂಪು ಬಾವುಟ ಮಾಡಿಕೊಟ್ಟ ಮಾ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಟಿ.ಕೆ. ರಾಮರಾಯರು ಇದ್ದಾರೆ. ಆದರೆ ನರಸಿಂಹಯ್ಯನವರ ಪತ್ತೇದಾರರಲ್ಲಿ ಪುರುಷೋತ್ತಮ ಬರುವ ಪುಸ್ತಕಗಳು ಯಾವುವು, ಮಧುಸೂದನ ಬರುವುದು ಯಾವುದರಲ್ಲಿ, ಅರಿಂಜಯನ ಮೊದಲ ಕಥೆ ಯಾವುದು ಅಂತ ಒಂದೇ ಕಡೆ ನೋಡೋಕೆ ಆಗಲ್ಲ. ಹಳೇ ಪಾಕೆಟ್ ಆವೃತ್ತಿಗಳಲ್ಲಿ ಎಷ್ಟೋ ಸಲ ಮೊದಲ ಮುದ್ರಣದ ವರ್ಷವೂ ಇರೋದಿಲ್ಲ, ಪುಟ ಕೈಯಲ್ಲೇ ಪುಡಿಯಾಗುತ್ತದೆ.

ಮೊದಲು ಆಗಬೇಕಾದ್ದು ವಿಮರ್ಶೆ ಅಲ್ಲ, ಪಟ್ಟಿ. ಹೆಸರು, ಪ್ರಕಾಶಕರು, ವರ್ಷ, ಬೆಲೆ, ಪತ್ತೇದಾರ ಯಾರು, ಕಥೆ ಯಾವ ಊರಿನಲ್ಲಿ, ಇಷ್ಟಿದ್ದರೆ ಸಾಕು. ನನ್ನ ಹತ್ತಿರ ಇರುವುದನ್ನು ಬರೆದು ಇಲ್ಲೇ ಹಾಕುತ್ತೇನೆ. ನಿಮ್ಮ ಮನೆಯ ಅಟ್ಟದಲ್ಲಿ ಇದ್ದರೆ ರಕ್ಷಾಪುಟ, ಅದರ ಹಿಂದಿನ ಪುಟ ಎರಡರದ್ದೂ ಫೋಟೋ ಹಾಕಿ. ಕೊನೆಯ ಪುಟದ್ದು ಬೇಡ.