ಕಾಕಾರ ದನಿ ಒಡದಿದ್ದರ ಬಗ್ಗೆ

ಎಲ್ಲಾರಿಗೂ ನಮಸ್ಕಾರ್ರಿ. ಕಾಕಾರ ದನಿ ಒಡದು ತಿಂಗಳ ಮ್ಯಾಲಾತು ಅಂತ ಕಾಕೂ ಹೇಳಿದ್ದು ಕೇಳೀನಿ. ಅದಕ್ಕ ತಮ್ಮ ಒಂದು ಫಾರ್ವರ್ಡ್ ಹಾಕ್ಯಾನ, ಗಂಟಲ ಕ್ಯಾನ್ಸರ್ ವೈರಸ್ಸಿನಿಂದ ಬರ್ತೈತಿ, ತಾಟು-ಲೋಟ ಬ್ಯಾರೆ ಇಡ್ರಿ ಅಂತ. ತಮ್ಮಾ, ಅದನ್ನ ಮೊದಲ ಅಳಿಸಿಬಿಡು. ಕಾಕಾಗ ಏನಾಗೇತಿ ಅಂತ ಇನ್ನಾ ಯಾರೂ ನೋಡೇ ಇಲ್ಲ. ಕ್ಯಾನ್ಸರ್ ಅಂತೂ ಅಂಟೂ ರೋಗ ಅಲ್ಲ.

ವೈರಸ್ ಇರೂದು ಖರೆ. ಎಚ್‌ಪಿವಿ ಅಂತಾರ, ಹೆಣ್ಣಮಕ್ಕಳಿಗೆ ಗರ್ಭಕಂಠದ ಕ್ಯಾನ್ಸರ್ ತರೂದೂ ಅದ. ಅದರಾಗ ಬಹಳ ನಮೂನಿ ಅದಾವು, 16ನೇ ನಂಬರಿಂದು ಟಾನ್ಸಿಲ್‌ನಾಗ, ನಾಲಿಗಿ ಬುಡದಾಗ ವರ್ಷಾನುಗಟ್ಟಲೆ ಉಳದು ಕೆಲವರಿಗೆ ಕ್ಯಾನ್ಸರ್ ಮಾಡ್ತೈತಿ. ದೈಹಿಕ ಸಂಬಂಧದಿಂದ ಹರಡ್ತೈತಿ, ಗಂಟಲಿಗೆ ಬರೂದು ಹೆಚ್ಚಾಗಿ ಬಾಯಿಯ ಲೈಂಗಿಕ ಸಂಪರ್ಕದಿಂದ. ಒಂದ ತಾಟಿನಾಗ ರೊಟ್ಟಿ ತಿಂದ್ರ ಅಲ್ಲ. ಬಹಳ ಮಂದಿಗೆ ಒಂದೆರಡು ವರ್ಷದಾಗ ತಾನ ಹೋಗಿಬಿಡ್ತೈತಿ. ಅಮೆರಿಕಾದಾಗ ಆ ಜಾಗಾದ ಕ್ಯಾನ್ಸರಿಗೆ ಹೆಚ್ಚಾಗಿ ಇದ ಕಾರಣ.

ನಮ್ಮ ಕಡೆ ದೊಡ್ಡ ವೈರಿ ತಂಬಾಕ. ಗುಟ್ಕಾ 2013ರಾಗ ಬಂದ್ ಆತು, ಈಗ ಪಾನಮಸಾಲಾ ಒಂದು ಪಾಕೀಟು, ತಂಬಾಕ ಒಂದು ಪಾಕೀಟು ತಗೊಂಡು ಕಲಸ್ಕೊಂಡು ತಿಂತಾರ. ತಂಬಾಕ ಇಲ್ಲದ ಬರೇ ಅಡಿಕೀನೂ ಕ್ಯಾನ್ಸರ್ ತರ್ತೈತಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಾಗನ ಹೇಳೇತಿ. ಇನ್ನ ದನಿ ಪೆಟ್ಟಿಗಿಗೆ ಬೀಡಿ, ಸೆರೆ ಎರಡೂ ಕೂಡಿದ್ರ ಅಪಾಯ ಎಷ್ಟೋ ಪಟ್ಟು ಏರ್ತೈತಿ. ಕಾಕಾ, ನಿಮಗ ಎರಡೂ ಅದಾವು. ಸಿಟ್ಟಾಗಬ್ಯಾಡ್ರಿ, ನಿಮ್ಮ ಮ್ಯಾಲಿನ ಜೀವಕ್ಕ ಹೇಳಾಕತ್ತೀನಿ.

ಕಾಕೂ, ಅರಿಶಿಣ ಹಾಲು ಇನ್ನ ಸಾಕು. ದನಿ ಮೂರು ವಾರದಾಗ ಸುಧಾರಸಲಿಲ್ಲ ಅಂದ್ರ ಕಿವಿ-ಮೂಗು-ಗಂಟಲ ಡಾಕ್ಟರ್ ಕಡೆ ಹೋಗಬೇಕು. ಕುತ್ತಿಗಿಯಾಗ ನೋವಿಲ್ಲದ ಗಂಟು, ನುಂಗಾಕ ತ್ರಾಸು, ಒಂದ ಕಿವಿ ನೋವು ಇದ್ರೂ ಹಂಗ. ಮೂಗಿನಾಗಿಂದ ಸಣ್ಣ ಕ್ಯಾಮೆರಾ ನಳಿಗಿ ಬಿಟ್ಟು ಗಂಟಲ ನೋಡ್ತಾರ, ಅಡ್ಮಿಟ್ ಆಗೂದು ಬ್ಯಾಡ. ಸಂಶಯ ಬಂದ್ರ ಚೂರು ತಗದು ಬಯಾಪ್ಸಿಗೆ, ಅಂದ್ರ ಲ್ಯಾಬಿನಾಗ ಪರೀಕ್ಷಾ ಮಾಡಾಕ, ಕಳಸ್ತಾರ. ದನಿ ಪೆಟ್ಟಿಗಿ ಕ್ಯಾನ್ಸರ್ ಮೊದಲ ಹಂತದಾಗ ಸಿಕ್ಕರ ಬಹಳ ಸಲ ಬರೇ ರೇಡಿಯೇಶನ್ ಕೊಟ್ಟು ವಾಸಿ ಮಾಡ್ತಾರ, ದನೀನೂ ಉಳೀತೈತಿ. ತಡಾ ಮಾಡಿದ್ರ ದನಿ ಪೆಟ್ಟಿಗೀನ ತಗೀಬೇಕಾಗಬಹುದು, ನನಗ ಅದ ಹೆದರಿಕಿ.

ಅಕ್ಕಾ, ನಿನ್ನ ಮಗಳಿಗೆ ಎಚ್‌ಪಿವಿ ಲಸಿಕಿ ಹಾಕಸು. 9ರಿಂದ 14 ವರ್ಷದಾಗ ಹಾಕಿಸಿದ್ರ ಚಲೋ, ಗಂಡ ಹುಡುಗರಿಗೂ ಹಾಕ್ತಾರ.

ಬುಧವಾರ ನಾ ಜಮಖಂಡಿಗೆ ಬರ್ತೀನಿ, ಕಾಕಾನ್ನ ಬಾಗಲಕೋಟಿಗೆ ಕರಕೊಂಡು ಹೋಗ್ತೀನಿ. ಮುಂದ ಬೇಕಾದ್ರ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರಿ ಐತಿ. ಆಧಾರ್, ಬಿಪಿಎಲ್ ಕಾರ್ಡ್ ಎರಡೂ ತಗದಿಡ್ರಿ ಕಾಕೂ. ಅಲ್ಲೀತನಾ ಬೀಡಿ ಕಟ್ಟು ನಿಮ್ಮ ಕಡೆನ ಇರಲಿ.