ದೊಡ್ಡವ್ವನ ಮಂಡಿನೋವು: ‘ಗುಳೇದಗುಡ್ಡದ ಮನೆ’ ಗುಂಪಿನಲ್ಲಿ ಒಂದು ರವಿವಾರ

ಶಿವಪ್ಪ ಕಾಕಾ (ಹಲವು ಸಲ ಫಾರ್ವರ್ಡ್ ಆದ ಸಂದೇಶ): ಎಚ್ಚರ! ಹೃದಯದ ರೋಗಿಗಳಿಗೆ ರಕ್ತ ತೆಳುವಾಗಲೆಂದು ಕೊಡುವ ಮಾತ್ರೆ ಇಲಿ ಪಾಷಾಣವೇ! ಇಂದೇ ನಿಲ್ಲಿಸಿ. ಬೆಳ್ಳುಳ್ಳಿ, ಹಸಿಶುಂಠಿ, ಅರಿಸಿನ ಕುದಿಸಿದ ಕಷಾಯವನ್ನು 21 ದಿನ ಕುಡಿದರೆ ರಕ್ತವೂ ತೆಳುವಾಗುತ್ತದೆ, ಮಂಡಿನೋವೂ ಮಾಯವಾಗುತ್ತದೆ. ನಿಮ್ಮವರ ಜೀವ ಉಳಿಯಬೇಕೆಂದರೆ ಹತ್ತು ಜನರಿಗೆ ಕಳುಹಿಸಿ.

ಶಿವಪ್ಪ ಕಾಕಾ: ವಿನಾಯಕ, ಇದನ್ನು ವೈನಿಯವರಿಗೆ ಓದಿ ಹೇಳು. ಮಂಡಿ ಹಿಡಿದುಕೊಂಡು ಕೂತಿರುತ್ತಾರೆ, ನೋಡಲಾಗುವುದಿಲ್ಲ.

ಕಸ್ತೂರಿ ಅತ್ತೆ: ನಾನು ಎಂದೋ ಹೇಳಿದ್ದೆ. ವೈನಿಯ ಕೈಮೇಲೆ ನೀಲಿ ಕಲೆಗಳು ಏಳುತ್ತಿರುವುದು ಆ ಮಾತ್ರೆಯಿಂದಲೇ. ನನ್ನ ಮಾತು ಯಾರು ಕೇಳುತ್ತಾರೆ?

ಪ್ರಕಾಶ: ಕಾಕಾ, ಇದನ್ನು ಬರೆದವರು ಯಾರು? ಯಾವ ಆಸ್ಪತ್ರೆಯವರು? ಒಂದು ಹೆಸರಾದರೂ ಇದೆಯೇ?

ಶಿವಪ್ಪ ಕಾಕಾ: ನಿನಗೆ ಎಲ್ಲದಕ್ಕೂ ಪುರಾವೆ ಬೇಕು. ಹೊಲ ಪಾಲು ಮಾಡಿದಾಗ ನಿನ್ನಪ್ಪ ಯಾವ ಪುರಾವೆ ಕೇಳಿದ್ದ? ಹಿರಿಯರ ಮಾತಿಗೆ ಬೆಲೆ ಇತ್ತು.

ಪ್ರಕಾಶ: ಕಾಗದ ಮಾಡಿಸದ್ದಕ್ಕೇ ಆ ಬದುವಿನ ತಕರಾರು ಇಂದಿಗೂ ಮುಗಿದಿಲ್ಲ.

ಕಸ್ತೂರಿ ಅತ್ತೆ: ಮತ್ತೆ ಬದುವಿಗೆ ಬಂದಿರಾ?

ಮಹಾಂತೇಶ: ಶುಂಠಿ, ಅರಿಸಿನ ಎಂದ ಕೂಡಲೇ ಬನಶಂಕರಿ ಜಾತ್ರೆ ನೆನಪಾಯಿತು. ಬನದ ಹುಣ್ಣಿಮೆಯ ಚಳಿಯಲ್ಲಿ ನಾಟಕ ಬಿಡುವಾಗ ಬೆಳಗಿನ ಜಾವ ಆಗುತ್ತಿತ್ತು. ನನಗೆ ಕೆಮ್ಮು ಬಂದಿದ್ದಕ್ಕೆ ದೊಡ್ಡವ್ವ ಮೂರು ಕಲ್ಲು ಹೂಡಿ, ಬಂಡಿಯ ಪಕ್ಕದಲ್ಲೇ ಕಷಾಯ ಕಾಸಿದ್ದಳು. ಅಂಥ ರುಚಿ ಪುಣೆಯಲ್ಲಿ ಎಲ್ಲಿ ಸಿಗಬೇಕು?

ಶಿವಪ್ಪ ಕಾಕಾ: ನೋಡಿ, ಕಷಾಯ ನಮ್ಮ ಮನೆಯದೇ ಮದ್ದು. ಈಗಿನವರಿಗೆ ಅದು ಬೇಡವಾಗಿದೆ.

ಪ್ರಕಾಶ: ಕಷಾಯ ಬೇಡ ಎಂದು ನಾನು ಹೇಳಿಲ್ಲ. ಇಲಿ ಪಾಷಾಣದ ಮಾತು ಅರ್ಧ ನಿಜ, ಅದಕ್ಕೇ ಜನ ನಂಬುತ್ತಾರೆ. 1920ರ ದಶಕದಲ್ಲಿ ಕೆನಡಾ ಮತ್ತು ಅಮೆರಿಕದ ಬಯಲುಸೀಮೆಯಲ್ಲಿ ಬೂಷ್ಟು ಹಿಡಿದ ಮೇವು ತಿಂದ ದನಗಳು ರಕ್ತ ಸೋರಿ ಸಾಯತೊಡಗಿದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯ ಆ ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿತು. ದೊಡ್ಡವ್ವ ತೆಗೆದುಕೊಳ್ಳುವ ವಾರ್ಫರಿನ್ ಅದೇ ಬಳಗದ್ದು. ಅದು 1948ರಲ್ಲಿ ಇಲಿ ಕೊಲ್ಲಲು ಮಾರುಕಟ್ಟೆಗೆ ಬಂತು, 1954ರಲ್ಲಿ ಮನುಷ್ಯರ ಔಷಧವಾಗಿ ಒಪ್ಪಿಗೆ ಪಡೆಯಿತು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಕೊಟ್ಟದ್ದೂ ಇದನ್ನೇ. ಇಲಿಗೆ ಅಳತೆಯಿಲ್ಲದೆ ಹಾಕುತ್ತಾರೆ. ಮನುಷ್ಯರಿಗೆ ರಕ್ತ ಪರೀಕ್ಷೆ ಮಾಡಿ, ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ.

ಶಿವಪ್ಪ ಕಾಕಾ: ಅಂದರೆ ಇಲಿ ಪಾಷಾಣ ಹೌದು ಎಂದು ನೀನೇ ಒಪ್ಪಿಕೊಂಡೆ.

ಕಸ್ತೂರಿ ಅತ್ತೆ: ಓದಿದವನೇ ಒಪ್ಪಿದ ಮೇಲೆ ಇನ್ನೇನು? ನಾಳೆಯಿಂದ ನಿಲ್ಲಿಸಿಬಿಡಿ.

ಸವಿತಾ: ಯಾರೂ ನಿಲ್ಲಿಸಬೇಡಿ. ದಯವಿಟ್ಟು. ದೊಡ್ಡವ್ವನ ಎದೆಯಲ್ಲಿರುವುದು ಲೋಹದ ಕವಾಟ. ಈ ಮಾತ್ರೆ ಇಲ್ಲದಿದ್ದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಚೂರು ಮೆದುಳಿಗೆ ಹೋದರೆ ಪಾರ್ಶ್ವವಾಯು ಹೊಡೆಯುತ್ತದೆ. ಕವಾಟವೇ ಸಿಕ್ಕಿಹಾಕಿಕೊಂಡರೆ ಜೀವಕ್ಕೇ ಕುತ್ತು. ಅಪ್ಪಾ, ಆ ಸಂದೇಶವನ್ನು ಅವಳಿಗೆ ಓದಿಸಬೇಡಿ.

ಶಿವಪ್ಪ ಕಾಕಾ: ನಾಲ್ಕು ಜನರ ಮುಂದೆ ತಂದೆಗೆ ಬುದ್ಧಿ ಹೇಳುವಷ್ಟು ದೊಡ್ಡವಳಾದೆ. ಬೆಳಗಾವಿಯಲ್ಲಿ ನರ್ಸ್ ಆದ ಮೇಲೆ ಮನೆಯವರೆಲ್ಲ ದಡ್ಡರಂತೆ ಕಾಣುತ್ತಾರೆ.

ಸವಿತಾ: ನೀವು ದೊಡ್ಡವ್ವನ ಮೇಲಿನ ಕಳಕಳಿಯಿಂದ ಕಳುಹಿಸಿದ್ದೀರಿ, ನನಗೆ ಗೊತ್ತು. ನನ್ನದೂ ಅದೇ ಕಳಕಳಿ, ಅಪ್ಪಾ.

ಕಸ್ತೂರಿ ಅತ್ತೆ: ನಮ್ಮ ಬೀಗರಿಗೂ ರಕ್ತ ತೆಳುವಾಗುವ ಮಾತ್ರೆ ಇದೆ. ಅವರಿಗೆ ತಿಂಗಳು ತಿಂಗಳು ಸೂಜಿ ಚುಚ್ಚುವ ತೊಂದರೆಯೇ ಇಲ್ಲ. ಅದನ್ನೇ ವೈನಿಗೆ ಬರೆಸಬಹುದಲ್ಲ?

ಸವಿತಾ: ಬೀಗರದು ಎದೆಬಡಿತ ಏರುಪೇರಾಗುವ ಕಾಯಿಲೆ, ಅವರಿಗೆ ಕೊಟ್ಟದ್ದು ಅಪಿಕ್ಸಾಬಾನ್. ಲೋಹದ ಕವಾಟ ಇದ್ದವರಿಗೆ ಆ ಹೊಸ ಮಾತ್ರೆಗಳು ಆಗುವುದಿಲ್ಲ, ವಾರ್ಫರಿನ್ನೇ ಬೇಕು. ಅತ್ತೆ, ಆ ನೀಲಿ ಕಲೆಗಳು ಎಂದಿನಿಂದ? ಆಪರೇಷನ್ ಆಗಿ ವರ್ಷಗಳಾದವು, ಮೊದಲು ಹೀಗೆ ಇರಲಿಲ್ಲ. ವಿನಾಯಕ, ಅಜ್ಜಿ ಬೇರೆ ಏನಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ?

ವಿನಾಯಕ: ಯಾರಿಗೂ ಹೇಳಬೇಡ ಎಂದಿದ್ದಾಳೆ.

ಸವಿತಾ: ಬಯ್ಯುವುದಿಲ್ಲ ಎಂದು ಹೇಳು. ಹೆಸರು ಮಾತ್ರ ಬೇಕು.

ವಿನಾಯಕ: (ಚಿತ್ರ) ದಿಂಬಿನ ಕೆಳಗೆ ಇತ್ತು. ಬೆಳಿಗ್ಗೆ ಒಂದು, ರಾತ್ರಿ ಒಂದು.

ಸವಿತಾ: ಹಿಂಬದಿಯ ಸಣ್ಣ ಅಕ್ಷರ ಓದಿ. ನೋವು ಕಡಿಮೆ ಮಾಡುವ ಅಸಿಕ್ಲೋಫೆನಾಕ್ 100 ಮಿಲಿಗ್ರಾಂ, ಪ್ಯಾರಸಿಟಮಾಲ್ 325 ಮಿಲಿಗ್ರಾಂ. ನೀಲಿ ಕಲೆಗಳಿಗೆ ಇದೂ ಕಾರಣ ಇರಬಹುದು.

ಪ್ರಕಾಶ: ಇದನ್ನು ತಂದುಕೊಟ್ಟವರು ಯಾರು?

ಮಹಾಂತೇಶ: ನಾನು. ದೀಪಾವಳಿಗೆ ಬಂದಾಗ ಮೆಟ್ಟಿಲು ಹತ್ತಲಾಗದೆ ಅಳುತ್ತಿದ್ದಳು. ಅಂಗಡಿಯಲ್ಲಿ ಚೀಟಿ ಕೇಳದೆ ಕೊಟ್ಟರು. ಮೂರು ದಿನದಲ್ಲಿ ನಡೆದಾಡಿದಳು. ಆಮೇಲೂ ಪುಣೆಯಿಂದ ಕಳುಹಿಸುತ್ತಿದ್ದೇನೆ.

ಶಿವಪ್ಪ ಕಾಕಾ: ನನ್ನ ಕಷಾಯಕ್ಕೆ ಇಷ್ಟು ಮಾತು, ಇವನು ಪಾರ್ಸಲ್‌ನಲ್ಲಿ ಮಾತ್ರೆ ಕಳುಹಿಸಿದರೆ ಕೇಳುವವರಿಲ್ಲ.

ಪ್ರಕಾಶ: ಓದಿದವನು ಮಾಡುವ ಕೆಲಸವೇ ಇದು, ಮಹಾಂತೇಶ?

ಮಹಾಂತೇಶ: ಅಣ್ಣಾ, ನೀನು ವಿಜಯಪುರದಲ್ಲಿದ್ದೀ. ಅವಳನ್ನು ನೋಡಲು ಕಡೆಯ ಸಲ ಎಂದು ಬಂದಿದ್ದೆ?

ಸವಿತಾ: ಯಾರು ತಂದರು ಎಂಬ ಲೆಕ್ಕ ಬೇಡ. ದೊಡ್ಡವ್ವ ಅತ್ತಳು, ಮಹಾಂತೇಶನಿಗೆ ತಡೆಯಲಾಗಲಿಲ್ಲ. ಬೇರೆ ಯಾರಾದರೂ ಏನಾದರೂ ಕೊಟ್ಟಿದ್ದರೆ ಈಗಲೇ ಹೇಳಿ.

ಕಸ್ತೂರಿ ಅತ್ತೆ: ನಾನು ಮುಲಾಮು ಕೊಟ್ಟಿದ್ದೇನೆ, ದಿನಾ ಮೂರು ಸಲ ತಿಕ್ಕುತ್ತಾರೆ. ಹೊರಗೆ ಹಚ್ಚುವುದರಿಂದ ಏನಾಗುತ್ತದೆ? ಮತ್ತೆ, ಸೊಪ್ಪು ತಿನ್ನಬಾರದು ಎಂದು ಎಲ್ಲೋ ಓದಿ, ಮೆಂತ್ಯ, ಪಾಲಕ, ರಾಜಗಿರಿ ಎಲ್ಲ ಬಿಡಿಸಿದ್ದೇನೆ.

ಶಿವಪ್ಪ ಕಾಕಾ: ಸೊಂಟಕ್ಕೆ ಒಂದು ಇಂಜೆಕ್ಷನ್ ಹಾಕಿಸಬೇಕೆಂದು ನಾನು ಹೇಳಿದ್ದೆ. ವೈನಿಯೇ ಬೇಡ ಎಂದರು.

ವಿನಾಯಕ: ಅಜ್ಜಿ ಎಲ್ಲ ಕೇಳಿಸಿಕೊಂಡಳು. ಮಾತಾಡುತ್ತೇನೆ ಎಂದಳು. ಅವಳು ಹೇಳಿದ್ದನ್ನು ಬರೆಯುತ್ತಿದ್ದೇನೆ:

“ನನ್ನ ಮಂಡಿಯ ಮಾತು ಬಂದಾಗಲೆಲ್ಲ ನೀವು ಹೊಲದ ಬದುವಿಗೆ ಹೋಗುತ್ತೀರಿ. ಆಸ್ಪತ್ರೆಯಲ್ಲೂ ಕವಾಟದ ಮಾತೇ. ನೋವು ಎಂದರೆ ವಯಸ್ಸಾಯಿತು ಎನ್ನುತ್ತಾರೆ. ಮದುವೆಯಾಗಿ ಬಂದ ವಾರದಿಂದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಖಣ ನೇಯ್ದವಳು ನಾನು, ನೋವು ತಡೆಯುವುದು ನನಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ರಾತ್ರಿ ಮಗ್ಗುಲು ಬದಲಿಸಲು ಆಗುವುದಿಲ್ಲ. ಆ ಹುಡುಗನನ್ನು ಬಯ್ಯಬೇಡಿ. ನನ್ನನ್ನು ಕೇಳಿದವನು ಅವನೊಬ್ಬನೇ.”

ಸವಿತಾ: ದೊಡ್ಡವ್ವ, ನಿನ್ನ ನೋವು ದೊಡ್ಡ ವಿಷಯವೇ. ಸುಮ್ಮನೆ ಸಹಿಸಿಕೋ ಎಂದು ನಾನು ಹೇಳುವುದಿಲ್ಲ. ಆದರೆ ಕೇಳು. ವಾರ್ಫರಿನ್ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಕಡಿಮೆ ಮಾಡುತ್ತದೆ. ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೇನ್, ನ್ಯಾಪ್ರಾಕ್ಸೆನ್ ಈ ನೋವಿನ ಮಾತ್ರೆಗಳೆಲ್ಲ ಇನ್ನೊಂದು ದಾರಿಯಿಂದ ಕೆಲಸ ಮಾಡುತ್ತವೆ. ಗಾಯವಾದ ಕಡೆ ಹೋಗಿ ಅಂಟಿಕೊಳ್ಳಬೇಕಾದ ರಕ್ತದ ಕಿರುಬಿಲ್ಲೆಗಳನ್ನು (ಪ್ಲೇಟ್ಲೆಟ್) ತಡೆಯುತ್ತವೆ, ಜೊತೆಗೆ ಜಠರದ ಒಳಪದರವನ್ನೂ ಕೊರೆಯುತ್ತವೆ. ಎರಡೂ ಕೂಡಿದರೆ ಹೊಟ್ಟೆಯೊಳಗೆ ರಕ್ತ ಸೋರಬಹುದು, ನೋವೇ ಇಲ್ಲದೆ ಸೋರಬಹುದು. ಆದ್ದರಿಂದ ಆ ಮಾತ್ರೆಯನ್ನು ಇನ್ನು ತೆಗೆದುಕೊಳ್ಳಬೇಡ.

ಅತ್ತೆ, ನಿಮ್ಮ ಮುಲಾಮಿನಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಇದೆಯೇ ನೋಡಿ, ಘಾಟು ವಾಸನೆಯ ಮುಲಾಮುಗಳಲ್ಲಿ ಬಹಳಷ್ಟು ಸಲ ಇರುತ್ತದೆ. ಅದು ಆಸ್ಪಿರಿನ್ ಬಳಗದ್ದು, ಚರ್ಮದಿಂದ ಒಳಗಿಳಿಯುತ್ತದೆ. ದಿನವೂ ತಿಕ್ಕಿದರೆ ವಾರ್ಫರಿನ್ನಿನ ಪ್ರಭಾವ ಏರಬಹುದು. ಸೊಪ್ಪು ಬಿಡಿಸಿದ್ದರಿಂದಲೂ ಅದೇ ಆಗಿರಬಹುದು. ಸೊಪ್ಪಿನ ವಿಟಮಿನ್ ಕೆ ಈ ಮಾತ್ರೆಗೆ ಎದುರಾಳಿ, ಅದು ಒಮ್ಮೆಲೇ ತಪ್ಪಿದರೆ ಮಾತ್ರೆಯ ಕೈ ಮೇಲಾಗುತ್ತದೆ. ಸೊಪ್ಪು ತಿನ್ನಬೇಕು, ವಾರವಾರ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ. ಅಪ್ಪಾ, ಅಡುಗೆಯ ಅರಿಸಿನ, ಬೆಳ್ಳುಳ್ಳಿಗೆ ಅಡ್ಡಿಯಿಲ್ಲ, ದಿನವೂ ಲೋಟಗಟ್ಟಲೆ ಕಷಾಯ ಬೇಡ. ಸೊಂಟದ ಇಂಜೆಕ್ಷನ್ ಅಂತೂ ಬೇಡವೇ ಬೇಡ, ಸ್ನಾಯುವಿನೊಳಗೆ ರಕ್ತ ಸೋರಿ ಗಡ್ಡೆಕಟ್ಟಬಹುದು.

ಪ್ರಕಾಶ: ಹಾಗಾದರೆ ನೋವಿಗೆ ಏನು ಕೊಡಬೇಕು? ಬರೀ ಬೇಡ ಬೇಡ ಎಂದರೆ ದೊಡ್ಡವ್ವ ನಾಳೆ ಮತ್ತೆ ದಿಂಬಿನ ಕೆಳಗೆ ಕೈ ಹಾಕುತ್ತಾಳೆ.

ಸವಿತಾ: ಸರಿಯಾದ ಪ್ರಶ್ನೆ, ಪ್ರಕಾಶಣ್ಣ. ಇಂಥವರಿಗೆ ಸಾಮಾನ್ಯವಾಗಿ ಮೊದಲು ಕೊಡುವುದು ಬರೀ ಪ್ಯಾರಸಿಟಮಾಲ್, ಬೇರೇನೂ ಬೆರೆಯದ್ದು. ಅದಕ್ಕೂ ಮಿತಿ ಇದೆ. ದಿನಕ್ಕೆ 500 ಮಿಲಿಗ್ರಾಂನ ನಾಲ್ಕು ಮಾತ್ರೆಯಂತೆ ದಿನಗಟ್ಟಲೆ ನುಂಗಿದರೆ, ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಐಎನ್‌ಆರ್ ಏರಬಹುದು, ಆದ್ದರಿಂದ ಡಾಕ್ಟರಿಗೆ ಹೇಳಿ, ಪರೀಕ್ಷೆ ಮಾಡಿಸಿಕೊಂಡೇ ತೆಗೆದುಕೊಳ್ಳಬೇಕು. ಇನ್ನೊಂದು ನೋವಿನ ಮಾತ್ರೆ ಟ್ರಮಡಾಲ್‌ನಿಂದಲೂ ಐಎನ್‌ಆರ್ ಏರಬಹುದು, ತಲೆಸುತ್ತಿ ಬಿದ್ದರೆ ಇನ್ನೂ ಕಷ್ಟ. ಮಾತ್ರೆಯಿಲ್ಲದ ದಾರಿಯನ್ನು ನಮ್ಮ ಮನೆಯಲ್ಲಿ ಯಾರೂ ಹಿಡಿದೇ ಇಲ್ಲ. ಬಿಸಿನೀರಿನ ಚೀಲ, ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ಕೈಯಲ್ಲಿ ಕೋಲು, ನೆಲದ ಬದಲು ಎತ್ತರದ ಕುರ್ಚಿ, ಶೌಚಾಲಯದಲ್ಲಿ ಕಮೋಡ್. ಫಿಸಿಯೋಥೆರಪಿಗೆ ಒಮ್ಮೆಯಾದರೂ ಕರೆದುಕೊಂಡು ಹೋಗಿದ್ದೇವೆಯೇ?

ಶಿವಪ್ಪ ಕಾಕಾ: ಇಲ್ಲ.

ಸವಿತಾ: ವಿನಾಯಕ, ಈಗಲೇ ಕೇಳು. ಮಲ ಕಪ್ಪಾಗಿದೆಯೇ? ಮೂತ್ರದಲ್ಲಿ ರಕ್ತ? ತಲೆಗೆ ಪೆಟ್ಟು ಬಿದ್ದಿತ್ತೇ?

ವಿನಾಯಕ: ಅವು ಯಾವೂ ಇಲ್ಲ. ಹಲ್ಲು ಉಜ್ಜುವಾಗ ಒಸಡಿನಿಂದ ರಕ್ತ ಬರುತ್ತಿದೆ, ಎರಡು ದಿನವಾಯಿತು ಎನ್ನುತ್ತಾಳೆ.

ಸವಿತಾ: ಹಾಗಾದರೆ ಸೋಮವಾರಕ್ಕೆ ಕಾಯುವುದು ಬೇಡ. ಇಂದೇ ಬಾಗಲಕೋಟೆಗೆ ಹೋಗಿ ಐಎನ್‌ಆರ್ ಮಾಡಿಸಿ. ಅವಳಿಗೆ ಡಾಕ್ಟರು ಹೇಳಿರುವ ಮಟ್ಟ 2.5ರಿಂದ 3.5. ಮಾತ್ರೆ, ಮುಲಾಮು, ಹಳೆಯ ಚೀಟಿ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ. ಮುಚ್ಚಿಡಬೇಡಿ.

ಶಿವಪ್ಪ ಕಾಕಾ: ನಾನು ಕಾರು ತೆಗೆಯುತ್ತೇನೆ. ವೈನಿ ಸೀರೆ ಉಟ್ಟುಕೊಳ್ಳಲಿ.

ಮಹಾಂತೇಶ: ಖರ್ಚು ನನ್ನದು.

ಪ್ರಕಾಶ: ಖರ್ಚಿನ ಮಾತು ಆಮೇಲೆ. ನಾನು ವಿಜಯಪುರದಿಂದ ಹೊರಟಿದ್ದೇನೆ, ಆಸ್ಪತ್ರೆಗೇ ಬರುತ್ತೇನೆ.

ವಿನಾಯಕ (ಸಂಜೆ): ಐಎನ್‌ಆರ್ 4.8 ಬಂದಿದೆ. ಇಂದಿನ ವಾರ್ಫರಿನ್ ಮಾತ್ರ ಬಿಡಲು ಡಾಕ್ಟರೇ ಹೇಳಿದರು. ನಾಳೆಯಿಂದ ಮೊದಲಿನಂತೆ, ಬುಧವಾರ ಮತ್ತೆ ಪರೀಕ್ಷೆ. ನೋವಿಗೆ ಬೇರೆ ಚೀಟಿ ಬರೆದಿದ್ದಾರೆ. ಫಿಸಿಯೋಥೆರಪಿಗೂ ಕಳುಹಿಸಿದ್ದಾರೆ. ಪ್ರಕಾಶ ಕಾಕಾ ಕೋಲು ಕೊಡಿಸಿದರು, ಅಜ್ಜಿಗೆ ಅದರ ಬಣ್ಣ ಹಿಡಿಸಿಲ್ಲ.

ಕಸ್ತೂರಿ ಅತ್ತೆ: ನೀಲಿ ಕಲೆಯ ಮಾತು ಮೊದಲು ಎತ್ತಿದವಳು ನಾನೇ, ನೆನಪಿರಲಿ.

ಪ್ರಕಾಶ: ಕಾಕಾ, ಬೆಳಗಿನ ಫಾರ್ವರ್ಡ್ ಅಳಿಸಿಬಿಡಿ.

ಶಿವಪ್ಪ ಕಾಕಾ: ಅಳಿಸಿದರೆ ನೀನು ಗೆದ್ದೆ ಎಂದಾಗುತ್ತದೆ. ಅದರ ಕೆಳಗೆ ಸವಿತಾ ಬರೆದದ್ದೂ ಇದೆ, ಎರಡನ್ನೂ ಓದಲಿ.

ಸವಿತಾ: ಅಪ್ಪಾ, ಬೇರೆ ಯಾರಿಗಾದರೂ ಕಳುಹಿಸಿದ್ದೀರಾ?

ಶಿವಪ್ಪ ಕಾಕಾ: ಭಜನಾ ಮಂಡಳಿಯ ಗುಂಪಿಗೆ.

ಸವಿತಾ: ಅಲ್ಲಿ ಇಂಥ ಮಾತ್ರೆ ತೆಗೆದುಕೊಳ್ಳುವವರು ಇದ್ದಾರೆಯೇ?

ಶಿವಪ್ಪ ಕಾಕಾ: ಇಬ್ಬರಿದ್ದಾರೆ. ಅವರಲ್ಲೊಬ್ಬರು ಬೆಳಿಗ್ಗೆಯೇ ಕೈಮುಗಿದ ಚಿತ್ರ ಕಳುಹಿಸಿದ್ದರು. ಈಗಲೇ ಫೋನ್ ಮಾಡುತ್ತೇನೆ.