ಕಂಬಗಳ ಮೇಲೆ ನಿಂತ ಮರದ ಮನೆಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮಲೇಷ್ಯಾದ ಹಳ್ಳಿ ಮನೆಗಳ ಬಗ್ಗೆ ಮಕ್ಕಳ ಪುಸ್ತಕವೊಂದನ್ನು ಅನುವಾದ ಮಾಡುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಕೆಲಾಂತನ್, ತೆರೆಂಗಾನು ಕಡೆ ನವೆಂಬರ್‌ನಿಂದ ಜೋರು ಮಳೆ, ನೆರೆ. ಅದಕ್ಕೇ ಇಡೀ ಮನೆಯನ್ನು ಕಂಬಗಳ ಮೇಲೆ ಎತ್ತರಿಸಿ ಕಟ್ಟುತ್ತಾರೆ. ಚೆಂಗಾಲ್ ಅನ್ನುವ ಗಟ್ಟಿ ಮರ. ಕಂಬವನ್ನು ಮಣ್ಣಲ್ಲಿ ಹೂಳುವುದಿಲ್ಲ, ಕಲ್ಲಿನ ಮೇಲೆ ಕೂರಿಸುತ್ತಾರೆ. ಹೂತರೆ ಬುಡಕ್ಕೆ ಗೆದ್ದಲು ಹತ್ತುತ್ತದೆ. ಕಂಬದಲ್ಲಿ ತೂತು ಕೊರೆದು, ತೊಲೆ ತೂರಿಸಿ, ಬೆಣೆ ಬಡಿಯುತ್ತಾರೆ. ಮೊಳೆ ಬೇಕಿಲ್ಲ. ಬೆಣೆ ಬಿಚ್ಚಿ ಮನೆಯನ್ನೇ ಬೇರೆ ಕಡೆ ಒಯ್ಯಬಹುದು. ಅವರು ಇದನ್ನು ‘ರುಮಾ ಪಾಂಗುಂಗ್’ ಅನ್ನುತ್ತಾರೆ.

ನನಗೆ ಎರಡು ಪದ ಬೇಕು. ಈ ಮನೆಗೊಂದು, ನೆಲದ ಹಲಗೆಗಳ ಕೆಳಗೆ ಉಳಿಯುವ ಜಾಗಕ್ಕೊಂದು. ಅಲ್ಲಿ ಸೌದೆ, ಮೀನಿನ ಬಲೆ, ಕೋಳಿ ಎಲ್ಲ ಇರುತ್ತವೆ. ಸದ್ಯಕ್ಕೆ ‘ಸ್ತಂಭಗೃಹ’ ಅಂತ ಹಾಕಿದ್ದೇನೆ. ಮಕ್ಕಳು ಓದುತ್ತಾರಾ, ಅನುಮಾನ.

— ಅನುವಾದಕಿ, ಬೆಂಗಳೂರು

ಸ್ತಂಭಗೃಹ ಮೊದಲು ತೆಗೆಯಿರಿ. ‘ಅಟ್ಟಣೆ ಮನೆ’ ಅನ್ನಿ. ಪಾಂಗುಂಗ್ ಅಂದರೂ ಅಟ್ಟಣೆ, ವೇದಿಕೆ ಅಂತಲೇ. ‘ಅಟ್ಟ’ ಸಂಸ್ಕೃತದ್ದು ಅಂತ ಯಾರಾದರೂ ಬರುವ ಮೊದಲೇ ಹೇಳುತ್ತೇನೆ: ಬರೋ-ಎಮೆನೊ ಅವರ ದ್ರಾವಿಡ ನಿಘಂಟು ನೋಡಿ. ನಮ್ಮಿಂದ ಅಲ್ಲಿಗೆ ಹೋದದ್ದು.

— ಧಾರವಾಡದಿಂದ

ಅಟ್ಟ ಅಂದರೆ ಮಗುವಿಗೆ ಹಳೇ ಪಾತ್ರೆ ತುಂಬಿದ ಅಟ್ಟವೇ ಕಣ್ಣಿಗೆ ಬರುತ್ತದೆ. ನಮ್ಮ ಮಲೆನಾಡಲ್ಲಿ ಗದ್ದೆ ಕಾಯೋಕೆ ಮಾಳ ಕಟ್ಟುತ್ತಿದ್ದರು. ನಾಲ್ಕು ಕಂಬ, ಮೇಲೆ ಅಡಿಕೆ ದಬ್ಬೆ, ಹತ್ತೋಕೆ ಏಣಿ, ಹಂದಿ ಓಡಿಸೋಕೆ ತಗಡಿನ ಡಬ್ಬ. ಅದೇ ದೊಡ್ಡದಾದರೆ ಇದು. ‘ಮಾಳಮನೆ’ ಅನ್ನಿ.

— ಕೊಪ್ಪದಿಂದ

ಮಾಳದಲ್ಲಿ ಯಾರೂ ಸಂಸಾರ ಮಾಡಲ್ಲ. ಬೇಡ.

‘ಕಂಬದ ಮನೆ’ ಅಂತಲೂ ಯಾರೋ ಹೇಳುತ್ತಾರೆ. ಅದೂ ಬೇಡ. ಕಂಬ ಅನ್ನುವುದು ಸ್ತಂಭದ ತದ್ಭವ. ಸ್ತಂಭವನ್ನು ಓಡಿಸಿ ಅದರ ಮಗನನ್ನು ಕರೆದಂತಾಯಿತು. ಅಚ್ಚಗನ್ನಡದಲ್ಲಿ ‘ಕಾಲ್ಮನೆ’. ಮಂಚಕ್ಕೆ ಕಾಲಿದೆ, ಮನೆಗೆ ಯಾಕಿರಬಾರದು?

— ಮೈಸೂರಿನಿಂದ

ಕಂಬವೂ ಬೇಡ ಅಂದರೆ ಮನೆ ಗಾಳಿಯಲ್ಲಿ ನಿಲ್ಲುತ್ತಾ ಸ್ವಾಮಿ? ಮಧುರೆಯವರದು ಆಯಿರಂಗಾಲ್ ಮಂಟಪ, ಅಂದರೆ ಅವರಿಗೆ ಕಂಬವೂ ಕಾಲೇ. ನಮ್ಮ ಮೂಡಬಿದಿರೆಯಲ್ಲಿ ಇರುವುದು ಸಾವಿರ ಕಂಬದ ಬಸದಿ. ಅದನ್ನು ಸಾವಿರಗಾಲಿನ ಬಸದಿ ಅನ್ನಿ ನೋಡೋಣ, ಊರವರು ಜರಿ ಹುಳ ಅಂದುಕೊಳ್ಳುತ್ತಾರೆ.

ತದ್ಭವ ಬೇಡ ಅನ್ನೋರು ಮರ ಕೊಯ್ಯೋದು ಹೇಗೆ? ‘ಗರಗಸ’ ಬಂದದ್ದು ಸಂಸ್ಕೃತದ ‘ಕ್ರಕಚ’ದಿಂದ. ಮಜಾ ಅಂದರೆ ಮಲಯ್ ಬಡಗಿ ಹಿಡಿಯುವುದೂ ‘ಗರ್ಗಾಜಿ’, ಅದೇ ಕ್ರಕಚ. ಭಾಷೆಗೆ ಅವರು ‘ಬಾಹಾಸ’ ಅನ್ನುತ್ತಾರೆ. ಸಾಲ ತಂದೆವು ಅಂತ ಅವರ್‍ಯಾರೂ ಮನೆ ಕಟ್ಟುವುದು ನಿಲ್ಲಿಸಿಲ್ಲ.

— ಮಂಗಳೂರಿನಿಂದ

ಅವರು ಏನು ಮಾಡುತ್ತಾರೋ ನಮಗೆ ಬೇಕಿಲ್ಲ. ಕಟ್ಟಿಕೊಳ್ಳುವ ಪದವನ್ನೂ ಎರವಲು ತಂದರೆ ಕನ್ನಡಕ್ಕೆ ಉಳಿಯುವುದೇನು?

— ಮೈಸೂರಿನಿಂದ

ಹಾಗಾದರೆ ‘ರುಮಾ ಪಾಂಗುಂಗ್’ ಅಂತಲೇ ಬಿಡಿ. ಇಗ್ಲೂ, ಪಗೋಡ ಎಲ್ಲ ಹಾಗೇ ಬಳಸುತ್ತೇವಲ್ವಾ?

— ಕೊಪ್ಪದಿಂದ

ಕಥೆ ತುಂಬಾ ಇನ್ನೂರು ಸಲ ಪಾಂಗುಂಗ್ ಓದಿದರೆ ಮಗು ಪುಸ್ತಕ ಮುಚ್ಚಿಡುತ್ತದೆ.

— ಧಾರವಾಡದಿಂದ

ಎಲ್ಲರಿಗೂ ಥ್ಯಾಂಕ್ಸ್. ಮಲಯ್ ಹೆಸರು ಮೊದಲ ಪುಟದಲ್ಲಿ ಒಂದು ಸಲ, ಆಮೇಲೆ ಪೂರ್ತಿ ‘ಕಂಬದ ಮೇಲಿನ ಮನೆ’. ಬರೀ ‘ಕಂಬದ ಮನೆ’ ಅಂದರೆ ತೊಟ್ಟಿ ಮನೆಯಲ್ಲೂ ಕಂಬ ಇದೆಯಲ್ಲ, ಅದಕ್ಕೆ. ‘ಕಾಲ್ಮನೆ’ ನನಗೂ ಇಷ್ಟವಾಯಿತು, ಆದರೆ ಮಕ್ಕಳು ಅದನ್ನು ಕಾಲುಭಾಗ ಮನೆ ಅಂದುಕೊಂಡರೆ ಕಷ್ಟ.

ಕೆಳಗಿನ ಜಾಗದ ಬಗ್ಗೆ ಒಬ್ಬರೂ ಹೇಳಲಿಲ್ಲ.

— ಅನುವಾದಕಿ

‘ಮನೆಯಡಿ’ ಸಾಕು. ಮಂಚದಡಿ, ಮರದಡಿ ಅನ್ನಲ್ವಾ, ಹಾಗೇ. ಇದಕ್ಕೂ ಯಾರಾದರೂ ಮೂಲ ಹುಡುಕುವ ಮೊದಲು ಅಚ್ಚಿಗೆ ಕಳಿಸಿಬಿಡಿ.

— ಮಂಗಳೂರಿನಿಂದ